ಮುದ್ದೆ, ಅನ್ನ, ರೊಟ್ಟಿ ಬಿಡದೆ ಊಟ ಸಮತೋಲನ ಮಾಡೋದು ಹೇಗೆ?

ಅಡಿಗೆ_ಲೆಕ್ಕ (ಚರ್ಚೆ ಆರಂಭಿಸಿದವರು)

ನಾಲ್ಕು ಜನರ ಮನೆಯ ಅಡುಗೆ ಬಗ್ಗೆ ಕೇಳ್ತಿದ್ದೀನಿ. ಒಂದು ಹೊತ್ತು ಮುದ್ದೆ, ಒಂದು ಹೊತ್ತು ಅನ್ನ. ಜೊತೆಗೆ ಒಂದು ಸಾರು, ಮಜ್ಜಿಗೆ, ಉಪ್ಪಿನಕಾಯಿ. ಪಲ್ಯ ವಾರಕ್ಕೆ ಎರಡು ಸಲ. "ಸಮತೋಲನ ಆಹಾರ" ಅಂತ ಹುಡುಕಿದರೆ ಓಟ್ಸ್, ಕೀನ್ವಾ, ಬ್ರೊಕೋಲಿ ಬರುತ್ತೆ, ಅವು ಬೇಡ. ಇದೇ ಊಟದೊಳಗೆ ಏನು ಬದಲಿಸಬೇಕು? ಎಷ್ಟು ಬೇಳೆ, ಎಷ್ಟು ಸೊಪ್ಪು ಅಂತ ಅಳತೆ ಸಮೇತ ಹೇಳಿ. ಅಡುಗೆಗೆ ಸಿಗೋದು ಮುಕ್ಕಾಲು ಗಂಟೆ.

ಪಥ್ಯದ_ತಕ್ಕಡಿ

ಮೊದಲು ಸಾರಿಗೆ ಹಾಕೋ ಬೇಳೆ ತೂಗಿ ನೋಡಿ. ತಿಳಿಸಾರಿಗೆ ಸಾಮಾನ್ಯವಾಗಿ ಒಂದು ಹಿಡಿ, ಅಂದರೆ 40–50 ಗ್ರಾಂ ಬೇಳೆ ಬೀಳುತ್ತೆ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 12 ಗ್ರಾಂ, ಅದರಲ್ಲಿ ಪ್ರೋಟೀನ್ ಮೂರು ಗ್ರಾಂ ಕೂಡ ಇಲ್ಲ. ಇಡೀ ಊಟದ ದೊಡ್ಡ ಕೊರತೆ ಇದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರಿಗೆ ಹೇಳೋ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮೀನು, ಮಾಂಸ) 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಕಾಯಿ-ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು-ಮೊಸರು 300 ಎಂ.ಎಲ್. ಇದೆಲ್ಲ ಬೇಯಿಸೋ ಮುಂಚಿನ ತೂಕ. ನಮ್ಮ ಹೆಚ್ಚಿನ ಮನೆಗಳಲ್ಲಿ ಧಾನ್ಯ ಈ ಗೆರೆ ದಾಟಿರುತ್ತೆ, ಬೇಳೆ-ತರಕಾರಿ ಅರ್ಧಕ್ಕೆ ನಿಂತಿರುತ್ತೆ.

ಹಾಗಾಗಿ ಒಂದು ಹೊತ್ತಿಗೆ ತಲೆಗೆ ಕಾಳು-ಬೇಳೆ 25ರಿಂದ 30 ಗ್ರಾಂ, ಸೊಪ್ಪು-ತರಕಾರಿ 150 ಗ್ರಾಂಗೆ ಕಮ್ಮಿ ಇಲ್ಲದಂತೆ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ಬೇಳೆ 100–120 ಗ್ರಾಂ ಆಯ್ತು. 250 ಎಂ.ಎಲ್. ಹಿಡಿಯೋ ಲೋಟದಲ್ಲಿ ಅರ್ಧ ಲೋಟ ಬೇಳೆ ಹೆಚ್ಚುಕಮ್ಮಿ 100 ಗ್ರಾಂ ತೂಗುತ್ತೆ. ಆ ಒಂದು ಲೋಟ ಗೊತ್ತು ಮಾಡಿಕೊಂಡರೆ ದಿನಾ ತಕ್ಕಡಿ ಬೇಕಿಲ್ಲ.

ಮಂಡ್ಯದ_ಒಲೆ

ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಅಡುಗೆ ಅಂದರೆ ಬಸ್ಸಾರು. ಒಂದೇ ಪಾತ್ರೆಯಲ್ಲಿ ಕಾಳು-ಸೊಪ್ಪು ಬೇಯಿಸಿ ಬಸಿದರೆ ಆ ನೀರು, ಅಂದರೆ ಕಟ್ಟು, ಸಾರಾಗುತ್ತೆ, ಉಳಿದದ್ದು ಪಲ್ಯ ಆಗುತ್ತೆ. ನೀರೂ ಚೆಲ್ಲಲ್ಲ, ಎರಡು ಪದಾರ್ಥಕ್ಕೆ ಎರಡು ಸಲ ಒಲೆ ಹಚ್ಚೋದೂ ಇಲ್ಲ.

ನಾಲ್ಕು ಜನಕ್ಕೆ: ತೊಗರಿಬೇಳೆ 100 ಗ್ರಾಂ (ಹೆಸರುಕಾಳು, ಅಲಸಂದೆ ಆದರೆ ರಾತ್ರಿ ನೆನೆಸಿ), ಸೋಸಿ ತೊಳೆದ ಸೊಪ್ಪು 400 ಗ್ರಾಂ, ನೀರು ಒಂದೂಕಾಲು ಲೀಟರು. ಸೊಪ್ಪು ಬೆರಕೆ ಇದ್ದರೆ ಒಳ್ಳೇದು: ದಂಟು ಮುಕ್ಕಾಲು ಪಾಲು, ಸಬ್ಬಸಿಗೆ ಕಾಲು ಪಾಲು. ಹೊನಗೊನೆ, ಗಣಿಕೆ ಸಿಕ್ಕರೆ ಅದೂ ಒಂದು ಹಿಡಿ.

ನೀರು ಕುದಿಯುವಾಗ ಬೇಳೆ, ಚಿಟಿಕೆ ಅರಿಸಿನ ಹಾಕಿ. ಹುಣಸೆ, ಟೊಮೆಟೊ ಈಗ ಬೇಡ, ಹುಳಿ ಬಿದ್ದರೆ ಬೇಳೆ ಗಟ್ಟಿಯಾಗೇ ಉಳಿಯುತ್ತೆ. 20ರಿಂದ 25 ನಿಮಿಷಕ್ಕೆ ಒಂದು ಬೇಳೆ ತೆಗೆದು ಒತ್ತಿ ನೋಡಿ. ಬೆರಳಿಗೆ ಮುರೀಬೇಕು, ಹಿಟ್ಟಾಗಬಾರದು. ಆವಾಗ ಹೆಚ್ಚಿದ ಸೊಪ್ಪು, ಬೇಕಾದ ಉಪ್ಪಿನಲ್ಲಿ ಅರ್ಧ ಮಾತ್ರ ಹಾಕಿ ಮುಚ್ಚಳ ತೆಗೆದೇ ಐದರಿಂದ ಏಳು ನಿಮಿಷ. ಮುಚ್ಚಿದರೆ ಸೊಪ್ಪಿನ ಹುಳಿ ಆವಿಯಾಗಿ ಹೋಗದೆ ಅಲ್ಲೇ ಉಳಿದು ಹಸಿರು ಮಂಕಾಗುತ್ತೆ. ಬೆಂದ ತಕ್ಷಣ ಜರಡಿಗೆ ಬಸಿಯಿರಿ.

ಖಾರಕ್ಕೆ: ಬಸಿದ ಬೇಳೆ-ಸೊಪ್ಪಿನಲ್ಲೇ ಎರಡು ದೊಡ್ಡ ಚಮಚ, ಕಾಯಿತುರಿ ಮೂರು ಚಮಚ, ಸುಟ್ಟ ಅಥವಾ ಬಾಡಿಸಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಜೀರಿಗೆ ಒಂದು ಚಮಚ, ಮೆಣಸು ಎಂಟು, ಸಾರಿನ ಪುಡಿ ಎರಡು ಚಮಚ, ಗೋಲಿ ಗಾತ್ರದ ಹುಣಸೆಹಣ್ಣು. ನುಣ್ಣಗೆ ರುಬ್ಬಿ ಕಟ್ಟಿಗೆ ಕಲಸಿ ಎಂಟು ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ ಮೇಲೆ ಸಣ್ಣಗೆ ಎಣ್ಣೆ ಕಣ್ಣು ಬಿಟ್ಟರೆ ಇಳಿಸಿ.

ಪಲ್ಯಕ್ಕೆ ಎರಡು ಚಮಚ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ. ಬಸಿದದ್ದು ಹಾಕಿ ನೀರು ಆರೋವರೆಗೆ ಮಗುಚಿ, ಕೊನೆಗೆ ಎರಡು ಚಮಚ ಕಾಯಿ.

ಪಥ್ಯದ_ತಕ್ಕಡಿ

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಬಸಿದ ಮೇಲೆ ಪ್ರೋಟೀನ್ ಬಹುಪಾಲು ಪಲ್ಯದ ಕಡೆ ಉಳಿಯುತ್ತೆ. ಕಟ್ಟಿಗೆ ಇಳಿಯೋದು ನೀರಲ್ಲಿ ಕರಗೋ ಫೋಲೇಟ್ (ಒಂದು ಬಿ ವಿಟಮಿನ್), ಪೊಟ್ಯಾಷಿಯಂ ಥರದವು. ಮುದ್ದೆಯನ್ನ ಸಾರಲ್ಲಿ ಅದ್ದಿ ನುಂಗಿ, ಪಲ್ಯ ತಟ್ಟೆ ಅಂಚಲ್ಲಿ ಬಿಟ್ಟವರಿಗೆ ಬೇಳೆ ಸಿಕ್ಕೇ ಇಲ್ಲ ಅಂತ ಲೆಕ್ಕ. ಮಕ್ಕಳು, ವಯಸ್ಸಾದವರು ಮಾಡೋದು ಹೆಚ್ಚಾಗಿ ಇದನ್ನೇ. ಅವರಿಗೆ ಪಲ್ಯದ ಅರ್ಧ ಭಾಗವನ್ನ ಸಾರಿಗೇ ವಾಪಸ್ ಹಾಕಿ ಮಸೆದುಬಿಡಿ, ಮಸ್ಸೊಪ್ಪಿನ ಹಾಗೆ.

ಅಡಿಗೆ_ಲೆಕ್ಕ

ಕುಕ್ಕರಲ್ಲಿ ಮಾಡಬಹುದಾ? ಮುಕ್ಕಾಲು ಗಂಟೇಲಿ ಮುದ್ದೆಯೂ ಆಗಬೇಕು.

ಮಂಡ್ಯದ_ಒಲೆ

ತೊಗರಿಬೇಳೆ ಕುಕ್ಕರಿಗೆ ಹಾಕಿದರೆ ಕರಗಿಹೋಗುತ್ತೆ, ಬಸಿಯೋಕೆ ಏನೂ ಉಳಿಯಲ್ಲ. ಅದು ಬಸ್ಸಾರಲ್ಲ, ಹುಳಿ. ಕುಕ್ಕರೇ ಬೇಕು ಅಂದರೆ ರಾತ್ರಿ ನೆನೆಸಿದ ಹೆಸರುಕಾಳು ಅಥವಾ ಅಲಸಂದೆ ಹಾಕಿ ಒಂದೇ ವಿಸಿಲ್, ಒತ್ತಡ ತಾನಾಗೇ ಇಳೀಲಿ. ಆಮೇಲೆ ಮುಚ್ಚಳ ತೆಗೆದು ಸೊಪ್ಪು. ಸೊಪ್ಪನ್ನ ಕಾಳಿನ ಜೊತೆ ವಿಸಿಲಿಗೆ ಬಿಡಬೇಡಿ, ಗೊಜ್ಜಾಗುತ್ತೆ.

ಮುದ್ದೆ ಪಕ್ಕದ ಒಲೇಲಿ ಆಗಬೇಕು. ನಾಲ್ಕು ಮಧ್ಯಮ ಮುದ್ದೆಗೆ ಹಿಟ್ಟು 300 ಗ್ರಾಂ, ನೀರು 600ರಿಂದ 650 ಎಂ.ಎಲ್. ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಮೊದಲು ಹಾಕಿ, ಎಸರು ಮರಳಿದಾಗ ಉಳಿದ ಹಿಟ್ಟನ್ನ ನಡುವೆ ಗುಡ್ಡೆ ಸುರಿದು, ಕಲಕದೆ, ಸಣ್ಣ ಉರೀಲಿ ಐದಾರು ನಿಮಿಷ ಬಿಡಿ. ಗುಡ್ಡೆ ಬೇಯೋ ಮುಂಚೆ ಕೋಲು ಆಡಿಸಿದರೆ ಗಂಟು ಕಟ್ಟುತ್ತೆ, ಗಂಟಿನೊಳಗೆ ಹಸಿ ಹಿಟ್ಟು ಉಳಿಯುತ್ತೆ. ಕೋಲಲ್ಲಿ ತೊಳಸಿ ಪಾತ್ರೆ ಪಕ್ಕಕ್ಕೆ ಒತ್ತಿ ತಿರುವಿ, ಮತ್ತೆ ಮೂರು ನಿಮಿಷ ಹಬೆ. ಒದ್ದೆ ಬೆರಳು ಇಟ್ಟರೆ ಅಂಟಬಾರದು.

ಹಿತ್ತಲಗಿಡ

ಸೊಪ್ಪನ್ನ ಇಷ್ಟು ಬೇಯಿಸಿದರೆ ವಿಟಮಿನ್ ಎಲ್ಲ ಹೋಗಲ್ವಾ? ರಾಗಿಯಲ್ಲಿ ಪ್ರೋಟೀನ್ ಜಾಸ್ತಿ ಅಂತಾರಲ್ಲ, ಹಾಗಿದ್ದರೆ ಬೇಳೆ ಕಮ್ಮಿ ಇದ್ದರೂ ನಡೆಯುತ್ತಲ್ಲ?

ಪಥ್ಯದ_ತಕ್ಕಡಿ

ಕಟ್ಟು ಚೆಲ್ಲಿದರೆ ನಷ್ಟ, ಇಲ್ಲಿ ಚೆಲ್ಲಲ್ಲ. ಆದರೆ ವಿಟಮಿನ್ ಸಿ ಬಿಸಿಗೆ ಒಂದಷ್ಟು ಹಾಳಾಗೋದು ನಿಜ. ಅದನ್ನ ಹಸಿ ಪದಾರ್ಥದಿಂದ ತುಂಬಿಸಬೇಕು: ನಿಂಬೆ ಹಿಂಡಿದ ಕೋಸಂಬರಿ, ಸೀಬೆಹಣ್ಣು, ನೆಲ್ಲಿಕಾಯಿ. ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತಬೇಕಾದರೂ ಅದೇ ಊಟದಲ್ಲಿ ವಿಟಮಿನ್ ಸಿ ಇರಬೇಕು. ಊಟದ ಬೆನ್ನಿಗೇ ಕಾಫಿ-ಟೀ ಕುಡಿದರೆ ಆ ಕಬ್ಬಿಣ ಹೀರಿಕೊಳ್ಳೋದು ಕಮ್ಮಿ ಆಗುತ್ತೆ, ಒಂದು ಗಂಟೆ ತಡೆಯಿರಿ.

ರಾಗಿ ವಿಷಯ: 100 ಗ್ರಾಂಗೆ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ, ಬಿಳಿ ಅಕ್ಕಿಗಿಂತ ಒಂಚೂರು ಕಮ್ಮಿಯೇ. ರಾಗಿ ಗೆಲ್ಲೋದು ಕ್ಯಾಲ್ಸಿಯಂ, ನಾರಿನಲ್ಲಿ. 75 ಗ್ರಾಂ ಹಿಟ್ಟಿನ ಮುದ್ದೇಲಿ ಕ್ಯಾಲ್ಸಿಯಂ 270 ಮಿ.ಗ್ರಾಂ ಹತ್ತಿರ ಬರುತ್ತೆ. ಅಷ್ಟೇ ಬಿಳಿ ಅಕ್ಕೀಲಿ ಹತ್ತು ಮಿ.ಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1000 ಮಿ.ಗ್ರಾಂ.

ಪ್ರೋಟೀನ್‌ಗೆ ಕಾಳೇ ಗತಿ. ಪ್ರೋಟೀನಿನ ಘಟಕಗಳಲ್ಲಿ ಧಾನ್ಯಕ್ಕೆ ಲೈಸಿನ್ ಕೊರತೆ, ಬೇಳೆಗೆ ಮೆಥಿಯೋನಿನ್ ಕೊರತೆ, ಧಾನ್ಯ-ಬೇಳೆ ಎರಡೂ ಸೇರಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮೇಲಿನ ಊಟದ ಪ್ರೋಟೀನ್ ಒಬ್ಬರಿಗೆ ಗ್ರಾಂನಲ್ಲಿ ಲೆಕ್ಕ ಹಾಕಿ: ಮುದ್ದೆ 5, ಬೇಳೆ 5–6, ನೂರು ಗ್ರಾಂ ಸೊಪ್ಪು 3, ಒಂದು ಹಿಡಿ ಅಕ್ಕಿ ಅನ್ನ 2–3, ನೂರು ಗ್ರಾಂ ಮೊಸರು 3. ಹತ್ತಿರ ಹತ್ತಿರ 20 ಗ್ರಾಂ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು, 60 ಕಿಲೋ ಇದ್ದವರಿಗೆ 50 ಗ್ರಾಂ. ಒಂದು ಊಟದಲ್ಲೇ ಐದರಲ್ಲಿ ಎರಡು ಪಾಲು ಬಂತು.

ಜೋಳದ_ಕಣಜ

ನಮ್ಮ ಉತ್ತರ ಕರ್ನಾಟಕದ ತಾಟೂ ನೋಡ್ರಿ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳಿನ ಉಸಳಿ, ಗುರೆಳ್ಳು ಚಟ್ನಿ, ಮೊಸರು, ಬಾಜೂಕ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಹಸಿ ತರಕಾರಿ, ಕಾಳು, ಎಣ್ಣೆಕಾಳು ಎಲ್ಲಾ ಐತಿ. ತಪ್ಪಾಗೋದು ಎಲ್ಲಿ ಅಂದ್ರ, ಪಲ್ಯ ಎರಡು ಚಮಚ ಹಾಕ್ಕೊಂಡು ರೊಟ್ಟಿ ನಾಕು ತಿನ್ನೋದ್ರಾಗ.

ಪುಂಡಿಪಲ್ಯ ನಾಕು ಮಂದಿಗೆ: ಪುಂಡಿಸೊಪ್ಪು 250 ಗ್ರಾಂ, ತೊಗರಿಬ್ಯಾಳಿ 80 ಗ್ರಾಂ, ಜೋಳದ ನುಚ್ಚು ಎರಡು ಚಮಚ, ಹಸಿ ಮೆಣಸಿನಕಾಯಿ, ಬೆಳ್ಳೊಳ್ಳಿ ಒಂದು ಗಡ್ಡಿ. ಪುಂಡಿ ಹುಳಿ ಇರತೈತಿ, ಅದಕ್ಕ ಬ್ಯಾಳಿ ಜೋಡಿ ಒಮ್ಮೆಲೆ ಕುದಿಸಬ್ಯಾಡ್ರಿ. ಮ್ಯಾಲೆ ಹೇಳಿದ್ಹಾಂಗ ಹುಳಿಗೆ ಬ್ಯಾಳಿ ಕುದಿಯೂದಿಲ್ಲ. ಬ್ಯಾಳಿ-ನುಚ್ಚು ಮೆತ್ತಗಾದ ಮ್ಯಾಲೆ, ಬ್ಯಾರೆ ಕುದಿಸಿದ ಪುಂಡಿ ಹಾಕಿ ಮಸದು, ಒಗ್ಗರಣಿ ಕೊಡ್ರಿ.

ಅಗಸಿ ಚಟ್ನಿ ಮಾಡೋರಿಗೆ: ಸಣ್ಣ ಉರಿ ಮ್ಯಾಲೆ ಚಟಪಟ ಅನ್ನೂತನಕ ಹುರದು, ಆರಿಸಿ, ಪುಡಿ ಮಾಡ್ರಿ. ಇಡೀ ಕಾಳು ನುಂಗಿದ್ರ ಹಂಗ ಹೊರಗ ಹೋಗತೈತಿ. ಪುಡಿಯಾದ ಮ್ಯಾಲೆ ಅದರ ಎಣ್ಣಿ ಗಾಳಿಗೆ ಕಮಟು ಹಿಡಿತೈತಿ, ಹತ್ತು-ಹದಿನೈದು ದಿನಕ್ಕ ಸಾಕಾಗೋವಷ್ಟ ಮಾಡ್ರಿ. ದಿನಕ್ಕ ಒಂದು ದೊಡ್ಡ ಚಮಚ ಸಾಕು. ಮ್ಯಾಲೆ ಎಣ್ಣಿ ಸುರಕೊಳ್ಳೋದು ಕಮ್ಮಿ ಮಾಡಿ ಮೊಸರಿನ್ಯಾಗ ಕಲಸ್ಕೊಳ್ರಿ.

ತಂಬುಳಿ_ಪ್ರಿಯ

ಮಲೆನಾಡಿನ ಊಟದ ತೊಂದರೆ ಬೇರೆ ಥರ. ತಂಬುಳಿ, ಅಪ್ಪೆಹುಳಿ, ಗೊಜ್ಜು ಎಲ್ಲ ರುಚಿಯಾಗಿರುತ್ತೆ, ಸೊಪ್ಪೂ ಹಸಿಯಾಗಿ ಹೊಟ್ಟೆಗೆ ಹೋಗುತ್ತೆ. ಆದರೆ ಅನ್ನ ಬಹಳ, ಬೇಳೆ ಅಪರೂಪ. ಒಂದೆಲಗದ ತಂಬುಳಿ ಮಾಡಿದ ದಿನ ಪಕ್ಕಕ್ಕೆ ಕಾಳು ಇಡಲೇಬೇಕು. ಸುಲಭದ್ದು ಹೆಸರುಬೇಳೆ ಕೋಸಂಬರಿ.

ನಾಲ್ಕು ಜನಕ್ಕೆ ಬೇಳೆ 80 ಗ್ರಾಂ, ನೆನೆಸೋದು ಒಂದರಿಂದ ಒಂದೂವರೆ ಗಂಟೆ. ಉಗುರಿಗೆ ಸಲೀಸಾಗಿ ಮುರಿದರೆ ಆಯ್ತು. ಬೇಸಿಗೇಲಿ ನಾಲ್ಕೈದು ಗಂಟೆ ಮರೆತರೆ ಹುಳಿ ವಾಸನೆ ಬರುತ್ತೆ. ನೀರು ಪೂರ್ತಿ ಬಸಿದು ಸೌತೆಕಾಯಿ ಎರಡು, ಕ್ಯಾರೆಟ್ ಒಂದು, ಕಾಯಿತುರಿ, ಕೊತ್ತಂಬರಿ, ಒಗ್ಗರಣೆ. ಉಪ್ಪು-ನಿಂಬೆ ಬಡಿಸೋ ಹೊತ್ತಿಗೆ ಮಾತ್ರ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ತಟ್ಟೇಲಿ ಹರಿಯುತ್ತೆ, ಆ ನೀರಲ್ಲೇ ಉಪ್ಪು ಕರಗಿ ಹೋಗಿ ಇನ್ನಷ್ಟು ಉಪ್ಪು ಬೇಡುತ್ತೆ. ಹೊಟ್ಟೆ ಉಬ್ಬರ ಇರೋರಿಗೆ ಬೇಳೆಯನ್ನ ಮೂರು ನಿಮಿಷ ಹಬೇಲಿ ಇಟ್ಟು ತೆಗೆಯಿರಿ.

ಹೆಸರುಬೇಳೆಗೆ ನಡೆಯೋದು ಎಲ್ಲಾ ಕಾಳಿಗೂ ನಡೆಯಲ್ಲ. ಹುರುಳಿ, ಅಲಸಂದೆ, ಅವರೆ, ರಾಜ್ಮಾ ಹಸಿ ತಿನ್ನಬಾರದು. ರಾಜ್ಮಾ ಅಂತೂ ಚೆನ್ನಾಗಿ ಕುದಿಸದಿದ್ದರೆ ವಾಂತಿ-ಭೇದಿ ಆಗುತ್ತೆ.

ಡಬ್ಬಿ_ಲೆಕ್ಕ

ಮೊಳಕೆ ಕಟ್ಟಿದರೆ ಪ್ರೋಟೀನ್ ಎರಡರಷ್ಟಾಗುತ್ತೆ ಅಂತ ಎಲ್ಲಾ ಕಡೆ ಬರೀತಾರೆ. ನಿಜಾನಾ?

ಪಥ್ಯದ_ತಕ್ಕಡಿ

ಇಲ್ಲ. ನೀರು ಕುಡಿದು ತೂಕ ಹೆಚ್ಚಿರೋದರಿಂದ 100 ಗ್ರಾಂ ಮೊಳಕೇಲಿ ಪ್ರೋಟೀನ್ 100 ಗ್ರಾಂ ಒಣಕಾಳಿಗಿಂತ ಬಹಳ ಕಮ್ಮಿ. ಒಣಕಾಳನ್ನ ಅಳೆದು ಮೊಳಕೆ ಕಟ್ಟಿ, ಆಗ ಲೆಕ್ಕ ತಪ್ಪಲ್ಲ. ಮೊಳಕೆಯ ಲಾಭ ಬೇರೆ: ವಿಟಮಿನ್ ಸಿ ಹುಟ್ಟುತ್ತೆ, ಕಬ್ಬಿಣ-ಸತುವನ್ನ ಕಟ್ಟಿಹಾಕೋ ಫೈಟೇಟ್ ಇಳಿಯುತ್ತೆ, ಬೇಗ ಬೇಯುತ್ತೆ.

ಮಂಡ್ಯದ_ಒಲೆ

ಹೆಸರುಕಾಳು 8 ಗಂಟೆ ನೆನೆಸಿ, ಬಟ್ಟೇಲಿ 12 ಗಂಟೆ. ಹುರುಳಿ 12 ಗಂಟೆ ನೆನೆಸಿ, ಒಂದರಿಂದ ಒಂದೂವರೆ ದಿನ. ಡಿಸೆಂಬರ್ ಚಳೀಲಿ ಇನ್ನೂ ಅರ್ಧ ದಿನ. ಲೋಳೆ ಆಗಿ ವಾಸನೆ ಬಂದರೆ ಬಟ್ಟೇಲಿ ನೀರು ನಿಂತಿದೆ ಅಂತ ಅರ್ಥ. ದಿನಕ್ಕೆ ಎರಡು ಸಲ ತೊಳೆದು ಪೂರ್ತಿ ಬಸಿದು ಕಟ್ಟಿ. ಮಕ್ಕಳಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ. ಬೆಚ್ಚಗಿನ ಒದ್ದೆ ಬಟ್ಟೇಲಿ ಕಾಳಿನ ಜೊತೆ ಬ್ಯಾಕ್ಟೀರಿಯಾನೂ ಬೆಳೆಯುತ್ತೆ. ಚೆನ್ನಾಗಿ ಬೇಯಿಸೇ ಕೊಡಿ. ಹುರುಳಿ ಮೊಳಕೆ ಬಸ್ಸಾರಿಗಿಂತ ಒಳ್ಳೇ ಬಸ್ಸಾರು ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಡಬ್ಬಿ_ಲೆಕ್ಕ

ಸರಿ. ಹಾಗಾದರೆ ಬೆಳಗಿನ ತಿಂಡಿ, ಡಬ್ಬಿಗೆ ಹೋಗೋದರ ಬಗ್ಗೆ ನಾನು ಬರೀತೀನಿ. ಉಪ್ಪಿಟ್ಟು: ನಾಲ್ಕು ಜನಕ್ಕೆ ರವೆ 200 ಗ್ರಾಂ, ತರಕಾರಿ 300 ಗ್ರಾಂ, ಕಡಲೆಕಾಯಿ ಬೀಜ 40 ಗ್ರಾಂ. ತರಕಾರಿ ರವೆಗಿಂತ ಹೆಚ್ಚಿದ್ದರೆ ತಾನಾಗೇ ದಾರಿಗೆ ಬರುತ್ತೆ.

ಇನ್ನೂ ಒಳ್ಳೇದು ಅಕ್ಕಿರೊಟ್ಟಿ, ಆದರೆ ಹೆಚ್ಚಿನವರು ಸಬ್ಬಸಿಗೆಯನ್ನ ಬರೀ ಘಮಕ್ಕೆ ಅಂತ ಹಾಕ್ತಾರೆ. ಅಳತೆ ಹೀಗಿಟ್ಟು ನೋಡಿ: ಅಕ್ಕಿಹಿಟ್ಟು 200 ಗ್ರಾಂ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ 150, ಕ್ಯಾರೆಟ್ ತುರಿ 100, ಈರುಳ್ಳಿ ಒಂದು, ನೆನೆಸಿದ ಹೆಸರುಬೇಳೆ (ಒಣ ತೂಕ 60 ಗ್ರಾಂ). ಇಷ್ಟು ಹಾಕಿದಾಗ ರೊಟ್ಟಿ ಹರಿಯುತ್ತೆ ಅನ್ನೋ ದೂರು ಬರುತ್ತೆ. ಕಾರಣ ಇಷ್ಟೇ: ಹಿಟ್ಟಿಗೆ ನೀರು ಹಾಕಿ ಕಲಸಿದ ಮೇಲೆ ತರಕಾರಿ ಉಪ್ಪಿಗೆ ನೀರು ಬಿಡುತ್ತೆ, ಹದ ಸಡಿಲ ಆಗುತ್ತೆ. ಅದಕ್ಕೆ ಮೊದಲು ತರಕಾರಿಗೆ ಉಪ್ಪು ಹಾಕಿ ಕೈಯಲ್ಲಿ ಹಿಸುಕಿ ಹತ್ತು ನಿಮಿಷ ಬಿಡಿ. ಅದು ಬಿಟ್ಟ ನೀರಲ್ಲೇ ಹಿಟ್ಟು, ಬೇಳೆ, ಜೀರಿಗೆ, ಹಸಿಮೆಣಸು ಕಲಸಿ. ಆಮೇಲೂ ಒಣಗಿದ್ದರೆ ಮಾತ್ರ ಬಿಸಿನೀರು, ಚಿಮುಕಿಸಿ ಚಿಮುಕಿಸಿ. ಬಾಳೆಎಲೆ ಮೇಲೆ ತಟ್ಟಿ ಮುಚ್ಚಳ ಮುಚ್ಚಿ ಬೇಯಿಸಿದರೆ ರೊಟ್ಟಿಗೊಂದು ಚಮಚ ಎಣ್ಣೆ ಸಾಕು, ಬೇಳೆಯೂ ಹಬೇಲಿ ಬೇಯುತ್ತೆ.

ಅವರೆ ಕಾಲದಲ್ಲಿ ಬೇಳೆ ಬದಲು ಹಸಿ ಅವರೆಕಾಳು. ಹಸಿಕಾಳಲ್ಲಿ ನೀರೇ ಹೆಚ್ಚು, ಒಣ ಬೇಳೆಯ ಎರಡೂವರೆ-ಮೂರು ಪಟ್ಟು ತೂಕ ಬೇಕು. ಮೊದಲೇ ಬೇಯಿಸಿಕೊಳ್ಳಿ, ಹೆಂಚಿನ ಮೇಲೆ ಅದು ಬೇಯಲ್ಲ.

ಹಿತ್ತಲಗಿಡ

ಸಕ್ಕರೆ ಕಾಯಿಲೆ ಇರೋರು ಅನ್ನ ಬಿಟ್ಟು ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅಂತಾರೆ. ಇದೂ ಹೇಳಿ.

ಪಥ್ಯದ_ತಕ್ಕಡಿ

ಪರವಾಗಿಲ್ಲ ಅನ್ನೋದೇ ತಪ್ಪು. ರಾಗೀಲೂ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಬೆಲ್ಲ ಹಾಕಿದ ಮಾಲ್ಟ್ ಸಕ್ಕರೆಯನ್ನ ಬೇಗ ಏರಿಸುತ್ತೆ. ಮುದ್ದೆ ಗಾತ್ರ ಕಮ್ಮಿ ಮಾಡಿ ಪಲ್ಯ ಎರಡರಷ್ಟು ಮಾಡಬೇಕು. ಮೊದಲು ಕೋಸಂಬರಿ, ಪಲ್ಯ ತಿಂದು ಆಮೇಲೆ ಮುದ್ದೆ ಮುರಿದರೆ ಊಟವಾದ ಮೇಲಿನ ಏರಿಕೆ ಕಮ್ಮಿ ಇರುತ್ತೆ. ಮೂತ್ರಪಿಂಡದ ತೊಂದರೆ ಇರೋರು ಮಾತ್ರ ಈ ಇಡೀ ಚರ್ಚೆಯ ಅಳತೆ ಅನುಸರಿಸಬೇಡಿ. ಸೊಪ್ಪಿನ ಕಟ್ಟಲ್ಲಿ ಪೊಟ್ಯಾಷಿಯಂ ಹೆಚ್ಚು, ಕಾಳಿನ ಪ್ರಮಾಣವನ್ನೂ ವೈದ್ಯರೇ ಹೇಳಬೇಕು.

ಉಪ್ಪಿನ ಬಗ್ಗೆ: ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ ದಿನಾ ಇದ್ದರೆ ಆ ಗೆರೆ ಒಳಗೆ ನಿಲ್ಲೋಕಾಗಲ್ಲ. ಉಪ್ಪಿನಕಾಯಿ ಜಾಗಕ್ಕೆ ಹುಚ್ಚೆಳ್ಳು ಪುಡಿ ಅಥವಾ ನಿಂಬೆಹೋಳು ಇಡಿ.

ಮೊಟ್ಟೆ-ಮೀನು ತಿನ್ನೋ ಮನೆಗೆ ಸುಲಭ. ಒಂದು ಮೊಟ್ಟೇಲಿ 6 ಗ್ರಾಂ ಪ್ರೋಟೀನ್, 100 ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ 18–20. ಅಲ್ಲಿ ಕೊರತೆ ಬರೋದು ತರಕಾರೀಲಿ. ಕೋಳಿಸಾರು-ಮುದ್ದೆ ದಿನ ಸೊಪ್ಪು ಸೌತೆ ಏನೂ ಇರಲ್ಲ, ಆವತ್ತು ಕೋಸಂಬರಿ ತಪ್ಪಿಸಬೇಡಿ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳಿಗೆ ವಿಟಮಿನ್ ಬಿ12 ಸಿಗೋದು ಮುಖ್ಯವಾಗಿ ಹಾಲು-ಮೊಸರಿಂದ, ಅದಕ್ಕೇ ಮಜ್ಜಿಗೆ ನೀರಾಗಿಸದೆ ಮೊಸರನ್ನೇ ಅಳೆದು ಹಾಕಿಕೊಳ್ಳಿ.

ದೂರದೂರು

ಹೊರದೇಶದಲ್ಲಿ ದಂಟು, ಹರಿವೆ ಸಿಗದ ಕಡೆ: ಕೇಲ್ ಅಥವಾ ಸ್ವಿಸ್ ಚಾರ್ಡ್‌ನಲ್ಲಿ ಬಸ್ಸಾರು ಚೆನ್ನಾಗಾಗುತ್ತೆ. ಕೇಲ್ ದಂಟು ತೆಗೆದು ಸಣ್ಣಗೆ ಹೆಚ್ಚಿ, ಎಂಟು-ಹತ್ತು ನಿಮಿಷ ಬೇಕು. ಕೆಂಪು ಚಾರ್ಡ್ ಹಾಕಿದರೆ ಕಟ್ಟು ಕೆಂಪು ಹರಿವೆ ಥರಾನೇ ಬರುತ್ತೆ. ಪಾಲಕ್ ಬೇಡ, ಕರಗಿ ಲೋಳೆಯಾಗುತ್ತೆ, ಆಕ್ಸಲೇಟ್ ಬಹಳ ಇರೋದರಿಂದ ಅದರ ಕ್ಯಾಲ್ಸಿಯಂ ಮೈಗೆ ಹತ್ತೋದೂ ಕಮ್ಮಿ. ಬೇಳೆ ಜಾಗಕ್ಕೆ ಸಿಪ್ಪೆ ಇರೋ ಮಸೂರ್ ಕಾಳು, ನೆನೆಸದೆ 20 ನಿಮಿಷಕ್ಕೆ ಬೇಯುತ್ತೆ, ಆಕಾರವೂ ಬಿಡಲ್ಲ. ರಾಗಿಹಿಟ್ಟಿನ ಪೊಟ್ಟಣ ಒಡೆದ ತಕ್ಷಣ ಒಂದು ಚಿಟಿಕೆ ನಾಲಿಗೆ ಮೇಲಿಟ್ಟು ನೋಡಿ, ಕಹಿ ಇದ್ದರೆ ಹಳೇದು. ಮುದ್ದೆ ಮಾಡಿದರೂ ಆ ಕಹಿ ಹೋಗಲ್ಲ.

ಅಡಿಗೆ_ಲೆಕ್ಕ

ಬಹಳ ಉಪಯೋಗ ಆಯ್ತು. ಕೊನೇದೊಂದು: ಬಸ್ಸಾರು ಮಿಕ್ಕಿದರೆ ಮಾರನೇ ದಿನಕ್ಕೆ ಇಡಬಹುದಾ? ಪಲ್ಯ?

ಮಂಡ್ಯದ_ಒಲೆ

ಸಾರನ್ನ ರಾತ್ರಿ ಒಂದು ಕುದಿ ಕುದಿಸಿ, ಆರಿದ ಮೇಲೆ ಫ್ರಿಜ್‌ಗೆ ಇಡಿ. ಬೆಳಿಗ್ಗೆ ಬೇಕಾದಷ್ಟೇ ತೆಗೆದು ಮತ್ತೆ ಚೆನ್ನಾಗಿ ಕುದಿಸಿ. ಖಾರ-ಹುಳಿ ಕೂಡಿಕೊಂಡು ಮಾರನೇ ದಿನದ ಬಸ್ಸಾರೇ ರುಚಿ. ರಾತ್ರಿ ಇಟ್ಟ ಸಾರು ಗಟ್ಟಿಯಾಗಿರುತ್ತೆ, ಬಿಸಿನೀರು ಬೆರೆಸಿ, ಉಪ್ಪು ಮತ್ತೆ ಹಾಕಬೇಡಿ.

ಪಲ್ಯ ಹಾಗಲ್ಲ. ಸೊಪ್ಪು, ಕಾಯಿತುರಿ ಎರಡೂ ಇರೋದರಿಂದ ಹೊರಗೆ ಇಟ್ಟರೆ ಬೇಗ ಹಳಸುತ್ತೆ. ಮಿಗುತ್ತೆ ಅನಿಸಿದರೆ ಆ ಪಾಲಿಗೆ ಕಾಯಿ ಹಾಕದೆ, ಬಿಸಿ ಆರಿದ ಕೂಡಲೇ ಫ್ರಿಜ್‌ಗೆ. ಮಾರನೇ ಬೆಳಿಗ್ಗೆ ಅದನ್ನೇ ಡಬ್ಬಿ_ಲೆಕ್ಕ ಹೇಳಿದ ಅಕ್ಕಿರೊಟ್ಟಿ ಹಿಟ್ಟಿಗೆ ಕಲಸಿ. ಬೇಳೆ, ಸೊಪ್ಪು, ಉಪ್ಪು, ಒಗ್ಗರಣೆ ಎಲ್ಲ ಇದ್ದೇ ಇದೆ. 200 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಬಟ್ಟಲು ಪಲ್ಯ, ನೀರು ಕೈ ಒದ್ದೆ ಮಾಡೋಷ್ಟು.